ಅತ್ತೆಯ ಅಂಬಾಸಿಡರ್

ಸಂಸಾರವೆಂದ ಮೇಲೆ ಹಳೆಯ ಸಾಮಾನು ಇದ್ದೇ ಇರುತ್ತದೆ. ಅಟ್ಟದಲ್ಲಿ ಹಿತ್ತಾಳೆ ಕೊಳಗ, ಹಿತ್ತಿಲಲ್ಲಿ ಒರಳುಕಲ್ಲು, ಟ್ರಂಕಿನಲ್ಲಿ ಅಜ್ಜಿಯ ಕಾಲದ ಸೀರೆ. ಪಾಪ, ಅವೆಲ್ಲ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತವೆ. ನಮ್ಮ ಮನೆಯದು ಮಾತ್ರ ಅರ್ಧ ಅಂಗಳವನ್ನೇ ಆಕ್ರಮಿಸಿ ಕೂತಿದೆ. ಅದು ಮಾವನವರು 1972ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 2.

ಅದರ ನಂಬರು ಇವತ್ತಿಗೂ ‘ಎಂ.ವೈ.’ ಎಂದೇ ಶುರುವಾಗುತ್ತದೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ.

ಮಾವನವರು ಹೋದ ಮೇಲೂ ಕಾರು ಉಳಿಯಿತು. ಅತ್ತೆಯನ್ನು ತಿಂಗಳಿಗೊಮ್ಮೆ ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಕರೆದೊಯ್ಯಬೇಕು. ಹೋಗುವಾಗ ಇಳಿಜಾರು, ಚಿಂತೆಯಿಲ್ಲ. ಬರುವಾಗ ಆಗುಂಬೆ ಘಾಟಿ. 14 ಹೇರ್‌ಪಿನ್ ತಿರುವುಗಳಲ್ಲಿ ನಾಲ್ಕೈದು ಮುಗಿಯುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಅತ್ತೆ ಒಳಗೆ, ನಾನು ನೀರಿನ ಕ್ಯಾನು ಹಿಡಿದು ಹೊರಗೆ, ಸುತ್ತ ಮಂಗಗಳು. ಮಳೆಗಾಲದ ಸಂಜೆ ಅಲ್ಲಿ ನಿಂತವರಿಗೇ ಗೊತ್ತು ಆ ಕಷ್ಟ.

ಹೊಸ ಕಾರು ಕೊಳ್ಳಬಾರದೇ ಎಂದು ನೀವು ಕೇಳಬಹುದು. ಅತ್ತೆಯ ಮೊಣಕಾಲು ಮಡಚುವುದಿಲ್ಲ. ಈಗಿನ ಸಣ್ಣ ಕಾರುಗಳಲ್ಲಿ ತಲೆ ಬಗ್ಗಿಸಿ, ಸೊಂಟ ಇಳಿಸಿ, ಹಳ್ಳಕ್ಕೆ ಬಿದ್ದಂತೆ ಕೂರಬೇಕು. ಅಂಬಾಸಿಡರಿನ ಸೀಟು ಜಗಲಿಯಷ್ಟು ಎತ್ತರ. ಹಿಂದಕ್ಕೆ ತಿರುಗಿ ಕೂತು ಕಾಲು ಎಳೆದುಕೊಂಡರೆ ಮುಗಿಯಿತು. ಅವರು ಯಾರ ಕೈಯನ್ನೂ ಹಿಡಿಯದೆ ಹತ್ತುವ ಕಾರು ಅದೊಂದೇ.

2022ರಲ್ಲಿ ನಮ್ಮವರು ಒಂದು ಉಪಾಯ ಹೂಡಿದರು. ನಮ್ಮ ಕಾರಿನದು 1489 ಸಿ.ಸಿ. ಎಂಜಿನ್, ನಾಲ್ಕು ಗೇರು. 1990ರ ದಶಕದ ಅಂಬಾಸಿಡರುಗಳಿಗೆ ಇಸುಜು ಎಂಬ ಜಪಾನಿ ವಿನ್ಯಾಸದ 1817 ಸಿ.ಸಿ. ಪೆಟ್ರೋಲ್ ಎಂಜಿನ್ ಬಂದಿತ್ತು; ಸುಮಾರು 75 ಅಶ್ವಶಕ್ತಿ, ಐದು ಗೇರು. ಅಂಥದ್ದೊಂದನ್ನು ಗುಜರಿಯಿಂದ ತಂದು ಕೂರಿಸುವುದು.

ಅವರ ಗೆಳೆಯರು ಹೌಹಾರಿದರು. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ‘ವಿಂಟೇಜ್’ ಎಂಬ ಮಾನ್ಯತೆ ಸಿಗುತ್ತದೆ. ಎಂಜಿನ್ ಬದಲಾದರೆ ಆ ಗೌರವ ಹೋಯಿತು, ಬೆಲೆಯೂ ಹೋಯಿತು ಎಂದರು. ನನಗೆ ನಮ್ಮ ಅಡುಗೆಮನೆಗೆ ಗ್ರೈಂಡರ್ ಬಂದ ದಿನ ನೆನಪಾಯಿತು. ಒರಳಿನಲ್ಲಿ ರುಬ್ಬಿದ ರುಚಿ ಇದಕ್ಕಿಲ್ಲ ಎಂದು ಮೂಗು ಮುರಿದವರೆಲ್ಲ ತಿನ್ನುವವರು, ರುಬ್ಬುವವರಲ್ಲ.

ತೀರ್ಮಾನ ಕೊಟ್ಟದ್ದು ಅತ್ತೆ. “ಮೆರವಣಿಗೆಗೆ ಅಂತ ನಿಮ್ಮಪ್ಪ ಕಾರು ತಗೊಂಡಿರ್ಲಿಲ್ಲ ಮಗಾ. ಆಸ್ಪತ್ರೆಗೆ, ಮದುವೆಮನೆಗೆ ಹೋಗೋದಕ್ಕೆ ತಗೊಂಡ್ರು.”

ಮೊದಲು ಆರ್.ಟಿ.ಒ. ಅನುಮತಿ. ಎಂಜಿನ್ ಬದಲಿಸಿದರೆ ಹೊಸ ನಂಬರು ಆರ್.ಸಿ.ಯಲ್ಲಿ ನಮೂದಾಗಬೇಕು, ವಿಮೆಯವರಿಗೂ ತಿಳಿಸಬೇಕು. ಇಲ್ಲದಿದ್ದರೆ ನಾಳೆ ಅಪಘಾತವಾದಾಗ ಪರಿಹಾರಕ್ಕೆ ತಕರಾರು. ಆಮೇಲೆ ಅಂಗಳಕ್ಕೆ ಮೇಸ್ತ್ರಿ ಬಂದರು. ಕಬ್ಬಿಣದ ಪೈಪುಗಳ ಮುಕ್ಕಾಲಿಗೆ ಚೈನ್ ಬ್ಲಾಕ್ ತೂಗುಹಾಕಿ ಹಳೆಯ ಎಂಜಿನ್ನನ್ನು ಮೇಲೆತ್ತಿದರು. ಹೊಸದು ಸಲೀಸಾಗಿ ಕೂರಲಿಲ್ಲ. ಅದರ ಫೌಂಡೇಶನ್ ಬೇರೆ ಮಾಡಿಸಬೇಕಾಯಿತು. ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಲೇತಿನಲ್ಲಿ ಹೊಂದಿಸಬೇಕಾಯಿತು. ಸ್ಟೀರಿಂಗ್ ಪಕ್ಕದ ಗೇರು ನೆಲಕ್ಕಿಳಿಯಿತು. ರೇಡಿಯೇಟರ್ ದೊಡ್ಡದಾಯಿತು.

ನಮ್ಮವರು ಎಂಜಿನ್ ಎಂಜಿನ್ ಎಂದು ಕುಣಿಯುತ್ತಿದ್ದರೆ ಮೇಸ್ತ್ರಿ ಬ್ರೇಕಿನ ಹತ್ತಿರವೇ ಕೂತಿದ್ದರು. “ಓಡ್ಸೋದು ಆಮೇಲಕ್ಕ, ನಿಲ್ಸೋದು ಮೊದ್ಲು,” ಎಂದರು. ಬ್ರೇಕಿಗೆ ಬೂಸ್ಟರ್ ಕೂರಿಸಿದ ಮೇಲೆಯೇ ಎಂಜಿನ್ನಿಗೆ ಕೀಲಿ ತಿರುಗಿದ್ದು.

ಮೊದಲ ಸಲ ಚಾಲೂ ಆದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಅತ್ತೆ ಎದ್ದು ಒಳಗೆ ಹೋದರು. ಮಾವನವರು ಬದುಕಿದ್ದಾಗ, ರಸ್ತೆಯ ತಿರುವಿನಲ್ಲಿ ಎಂಜಿನ್ ಸದ್ದು ಕೇಳಿದೊಡನೆ ಅವರು ಕಾಫಿಗೆ ನೀರಿಡುತ್ತಿದ್ದರಂತೆ. ಆ ಸದ್ದು ಇನ್ನಿಲ್ಲ. ಅದಕ್ಕೆ ಯಾವ ಮೇಸ್ತ್ರಿಯ ಹತ್ತಿರವೂ ಬದಲಿ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದರು: “ಹಳೇದನ್ನ ತೂಕಕ್ಕೆ ಹಾಕ್ತೀರಾ?”

ಹಾಕಲಿಲ್ಲ. ಎಣ್ಣೆ ಸವರಿ, ಟಾರ್ಪಾಲು ಹೊದಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇವೆ. ಮುಂದೆ ಮೊಮ್ಮಕ್ಕಳು ಅದನ್ನೇ ಮರಳಿ ಕೂರಿಸಲಿ ಎಂದು ಮೇಸ್ತ್ರಿ ಬಾಡಿಯನ್ನು ಆದಷ್ಟೂ ಕತ್ತರಿಸದೆ ಕೆಲಸ ಮುಗಿಸಿದ್ದಾರೆ.

ಉತ್ತರಪಾರಾದ ಕಾರ್ಖಾನೆ 2014ರಲ್ಲೇ ಅಂಬಾಸಿಡರ್ ತಯಾರಿಸುವುದನ್ನು ನಿಲ್ಲಿಸಿತು. ನಮ್ಮದು ಮಾತ್ರ ಪ್ರತಿ ತಿಂಗಳು ಘಾಟಿ ಹತ್ತುತ್ತದೆ, ಎಲ್ಲಿಯೂ ನಿಲ್ಲದೆ. ಆರ್.ಸಿ.ಯಲ್ಲಿ ಎಂಜಿನ್ ನಂಬರು ಬೇರೆ, ಚಾಸಿಸ್ ನಂಬರು ಅದೇ. ರಾಜ್ಯದ ಹೆಸರು ಬದಲಾದ ಮಾತ್ರಕ್ಕೆ ನಮ್ಮ ಊರೇನು ಬೇರೆಯಾಯಿತೇ? ಹಾಗೆಯೇ ಇದೂ. ಅತ್ತೆ ಈಗಲೂ ಯಾರ ಕೈಯನ್ನೂ ಹಿಡಿಯದೆ ಅದರಲ್ಲಿ ಹತ್ತಿ ಕೂರುತ್ತಾರೆ.