ಹಜ್ಜ್ ಹಡಗುಗಳ ನೆನಪನ್ನು ಉಳಿಸಿಕೊಳ್ಳೋಣ

ಬ್ರಿಟನ್ನಿನ ಪ್ರಸಿದ್ಧ ಪ್ರಯಾಣಿಕ ಹಡಗು ‘ಕ್ವೀನ್ ಮೇರಿ’ 1967ರಲ್ಲಿ ನಿವೃತ್ತವಾಯಿತು. ಇಂದಿಗೂ ಅದು ಅಮೆರಿಕದ ಲಾಂಗ್ ಬೀಚ್ ಬಂದರಿನಲ್ಲಿ ಹೋಟೆಲಾಗಿ, ವಸ್ತುಸಂಗ್ರಹಾಲಯವಾಗಿ ನಿಂತಿದೆ. ನಮ್ಮ ಹಿರಿಯರನ್ನು ಹಜ್ಜ್‌ಗೆ ಕೊಂಡೊಯ್ದ ಹಡಗುಗಳಿಗೆ ಅಂತಹ ನೆಲೆ ದೊರೆಯಲಿಲ್ಲ.

ಮುಂಬಯಿಯಿಂದ ಜಿದ್ದಾಕ್ಕೆ ಸುಮಾರು 2,300 ನಾಟಿಕಲ್ ಮೈಲು ದೂರ. ಮೊಘಲ್ ಲೈನ್ ಸಂಸ್ಥೆಯ ಇಸ್ಲಾಮಿ, ಮುಹಮ್ಮದಿ, ಮುಝಫ್ಫರಿ, ಅಕ್ಬರ್ ಮುಂತಾದ ಹಡಗುಗಳು ದಶಕಗಳ ಕಾಲ ಹಾಜಿಗಳನ್ನು ಹೊತ್ತು ಈ ಕಡಲನ್ನು ದಾಟಿದವು. ಕರ್ನಾಟಕದ ಹಾಜಿಗಳೂ ಮುಂಬಯಿ ತಲುಪಿ, ಮುಸಾಫಿರ್‌ಖಾನಾಗಳಲ್ಲಿ ತಂಗಿ, ಹಡಗಿನ ಸರದಿಗಾಗಿ ಕಾಯುತ್ತಿದ್ದರು. 1995ರಲ್ಲಿ ‘ಎಂ.ವಿ. ಅಕ್ಬರಿ’ಯ ಯಾನದೊಂದಿಗೆ ಆ ಸಮುದ್ರಮಾರ್ಗ ಮುಚ್ಚಿತು.

ಹನ್ನೆರಡು, ಹದಿನೈದು ದಿನಗಳ ಆ ಪ್ರಯಾಣವೇ ಒಂದು ಪಾಠಶಾಲೆಯಾಗಿತ್ತು. ಸಾಲ ತೀರಿಸಿ, ನೆರೆಹೊರೆಯವರಲ್ಲಿ ಕ್ಷಮೆ ಕೇಳಿ, ಮರಳಿ ಬರುವ ಭರವಸೆಯನ್ನು ಅಲ್ಲಾಹನಿಗೆ ಒಪ್ಪಿಸಿ ಅವರು ಹಡಗೇರುತ್ತಿದ್ದರು. ಹಡಗು ಯಲಮ್‌ಲಮ್‌ನ ನೇರಕ್ಕೆ ಬಂದಾಗ ಧನಿಕ, ಬಡವ ಎಲ್ಲರೂ ಇಹ್ರಾಮ್ ಧರಿಸುತ್ತಿದ್ದರು. ನಡುಗಡಲಿನಲ್ಲಿ ತಲ್ಬಿಯಾ ಮೊಳಗುತ್ತಿತ್ತು. ದಾರಿಯಲ್ಲಿ ಮೃತರಾದವರ ಜನಾಝಾ ನಮಾಝ್ ಹಡಗಿನಲ್ಲೇ ನೆರವೇರಿ, ಕಡಲೇ ಅವರ ಕಬರ್ ಆಗುತ್ತಿತ್ತು.

ನಮ್ಮ ಅಜ್ಜಿ ಹಾಗೆ ಹೋಗಿ ಬಂದವರು. ಮೊದಲ ಮೂರು ದಿನ ವಾಂತಿಯಿಂದ ತಲೆ ಎತ್ತಲಾಗದೆ ಮಲಗಿದ್ದಾಗ, ಭಾಷೆ ತಿಳಿಯದ ಓರ್ವ ಮಹಿಳೆ ನಿಂಬೆಹಣ್ಣಿನ ನೀರು ಕುಡಿಸಿ ಉಪಚರಿಸಿದರಂತೆ. ಇಬ್ಬರೂ ಮತ್ತೆಂದೂ ಭೇಟಿಯಾಗಲಿಲ್ಲ. ಆದರೂ ಅಜ್ಜಿಯ ಪ್ರತಿ ದುಆದಲ್ಲಿ ಆ ಸಹೋದರಿಗೊಂದು ಪಾಲಿದೆ. ಈಗ ನಾವು ಮನೆಯವರೆಲ್ಲ ಕುಳಿತು ಅಜ್ಜಿಯ ಮಾತುಗಳನ್ನು ಬರೆದಿಡುತ್ತಿದ್ದೇವೆ.

ವಿಮಾನದ ಸೌಕರ್ಯ ಅಲ್ಲಾಹನ ಅನುಗ್ರಹವೇ ಸರಿ. ಹಳೆಯ ಕಷ್ಟ ಮರಳಲಿ ಎಂದು ನಾವು ಬಯಸುವುದಿಲ್ಲ. ಆದರೆ ಆ ಕಷ್ಟ ಕಲಿಸಿದ ಸಹನೆ, ಸಿದ್ಧತೆ ಮತ್ತು ಸಹೋದರತೆಗಳು ಕಬ್ಬಿಣದೊಂದಿಗೆ ಕರಗಿಹೋಗಬಾರದು. 1995ರಲ್ಲಿ ಐವತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಹಡಗನ್ನು ಉಳಿಸುವುದು ನಮ್ಮಿಂದಾಗಲಿಲ್ಲ. ಅದರಲ್ಲಿ ಪಯಣಿಸಿದವರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಪ್ರಿಯ ಸಹೋದರ ಸಹೋದರಿಯರೇ, ಅವರ ಬಳಿ ಕುಳಿತು ಕೇಳೋಣ, ಧ್ವನಿಯನ್ನು ಮುದ್ರಿಸಿಕೊಳ್ಳೋಣ. ಪೆಟ್ಟಿಗೆಯಲ್ಲಿರುವ ಹಜ್ಜ್ ಪಾಸು, ಪತ್ರ, ಭಾವಚಿತ್ರಗಳನ್ನು ಜೋಪಾನ ಮಾಡೋಣ. ಮಸೀದಿ, ಮದ್ರಸಾಗಳಲ್ಲಿ ಮಕ್ಕಳಿಗೆ ಅವನ್ನು ತೋರಿಸೋಣ.

ಕಡಲು ದಾಟಿ ತನ್ನ ಭವನವನ್ನು ಅರಸಿ ಹೋದ ಆ ಎಲ್ಲ ಅತಿಥಿಗಳ ಹಜ್ಜನ್ನು ಅಲ್ಲಾಹನು ಸ್ವೀಕರಿಸಲಿ. ಆಮೀನ್.