ನೀರೊಳಗಿನ ಎಮ್ಮೆ

ಇಂಡಿ ತಾಲ್ಲೂಕಿನ ಆ ಹಳ್ಳಿಗೆ ಪತ್ರಿಕೆ ಬರುತ್ತಿದ್ದುದು ಮಧ್ಯಾಹ್ನದ ಬಸ್ಸಿಗೆ. 2011ರ ಅಕ್ಟೋಬರ್ ಮೊದಲ ವಾರದ ಒಂದು ದಿನ, ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಿದ್ದ ಹುಡುಗಿ ಆ ಪತ್ರಿಕೆಯನ್ನು ಅಪ್ಪನಿಗೂ ಕೊಡದೆ ಮಾಳಿಗೆ ಹತ್ತಿದಳು. ಅದರಲ್ಲಿ 'ಆಕಾಶ್' ಬಂದಿತ್ತು. ಅಕ್ಟೋಬರ್ 5ರಂದು ದಿಲ್ಲಿಯಲ್ಲಿ ಕೇಂದ್ರ ಸಚಿವ ಕಪಿಲ್ ಸಿಬಲ್ ಬಿಡುಗಡೆ ಮಾಡಿದ, ಜಗತ್ತಿನಲ್ಲೇ ಅತಿ ಅಗ್ಗದ್ದೆಂದು ಹೊಗಳಿಸಿಕೊಂಡ ಟ್ಯಾಬ್ಲೆಟ್. ಸರ್ಕಾರ ಅದನ್ನು ಸುಮಾರು 2,250 ರೂಪಾಯಿಗೆ ಕೊಂಡು ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆಗೆ ಕೊಡುತ್ತದಂತೆ. ಅಂಗಡಿಗೆ ಬರುವ ಅದರ ಅಣ್ಣನಿಗೆ 'ಯೂಬಿಸ್ಲೇಟ್' ಎಂದು ಹೆಸರು, 2,999 ರೂಪಾಯಿ ಬೆಲೆ.

ಸಂಜೆ ಅಪ್ಪ ನಿಂಬೆ ತೋಟದಿಂದ ಬರುವುದನ್ನೇ ಕಾದಿದ್ದಳು.

"ಬೆಂಗಳೂರಾಗಿನ ಹುಡುಗ್ರ ಕೈಗೆ ಇದು ಬಂದ್ರ ನಾವು ಹಿಂದ ಬೀಳ್ತೀವಿ, ಎಪ್ಪಾ."

"ಎಲ್ಲಿ ಅದ? ತೋರ್ಸು ನೋಡೋಣ."

"ಮೊದಲ ಬುಕ್ ಮಾಡಬೇಕು. ಆಮ್ಯಾಲೆ ಬರ್ತದ."

"ನೀರಾಗಿನ ಎಮ್ಮಿ ವ್ಯಾಪಾರ ಆತಲ್ಲವ್ವಾ."

ಅಂಗನವಾಡಿಗೆ ಹೋಗುತ್ತಿದ್ದ ತಮ್ಮ ನಕ್ಕ. ಅವಳಿಗೆ ಅಳು ಬಂತು. ಅಪ್ಪನದು ಜಿಪುಣತನವೇನೂ ಅಲ್ಲ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದವನು ಅವನು. ಪತ್ರಿಕೆಯಲ್ಲಿ ಚಿತ್ರ ಕಂಡು ಎತ್ತು ಕೊಂಡವರನ್ನು ಅವನು ನೋಡಿರಲಿಲ್ಲ. ಅದೂ ಅಲ್ಲದೆ ಮೂರು ಸಾವಿರವೆಂದರೆ ಮಗಳ ಸಿಇಟಿ ತರಬೇತಿಗೆಂದು ಟ್ರಂಕಿನಲ್ಲಿಟ್ಟಿದ್ದ ಹಣದಲ್ಲಿ ಸರಿಯಾಗಿ ಅರ್ಧ.

ದೀಪಾವಳಿಗೆ ಸಿಂದಗಿಯ ಸೋದರಮಾವನ ಮನೆಗೆ ಹೋದಾಗಲೂ ಅದೇ ಮಾತು. ಮಾವನದು ರೇಡಿಯೋ, ಟಿವಿ, ಮೊಬೈಲು ದುರಸ್ತಿಯ ಅಂಗಡಿ. ಅವಳು ಬರೆದಿಟ್ಟುಕೊಂಡ ಚೀಟಿಯನ್ನು ಅವನು ವೈದ್ಯರು ರಕ್ತಪರೀಕ್ಷೆಯ ಚೀಟಿ ಓದುವಂತೆ ಓದಿದ. ಏಳು ಇಂಚಿನ ಪರದೆ, 366 ಮೆಗಾಹರ್ಟ್ಸ್ ವೇಗ, 256 ಎಂಬಿ ನೆನಪು, ಬ್ಯಾಟರಿ ಮೂರು ತಾಸು. ಬೆರಳು ಸೋಕಿದರೆ ಮೈಯ ವಿದ್ಯುತ್ತನ್ನು ಗುರುತಿಸುವ ಪರದೆ ಒಂದು ಬಗೆ, ಒತ್ತಿದಾಗ ಎರಡು ಪದರ ಒಂದಕ್ಕೊಂದು ತಾಗಿ ಕೆಲಸ ಮಾಡುವುದು ಇನ್ನೊಂದು ಬಗೆ, ಇದು ಎರಡನೆಯದು ಎಂದು ವಿವರಿಸಿದ. "ಉಗುರಿಲೆ ಒತ್ತಬೇಕಾಗ್ತದ. ನಿಮ್ಮೂರಾಗ ಕರೆಂಟು ಎಷ್ಟು ತಾಸು ಇರ್ತದ?" ಎಂದು ಕೇಳಿದ. ಹೇಳುವಂಥ ಉತ್ತರ ಅವಳ ಬಳಿ ಇರಲಿಲ್ಲ.

ಆದರೂ ಆಸೆ ಹೋಗಲಿಲ್ಲ. ವಸ್ತು ಕೈಯಲ್ಲಿ ಇಲ್ಲದಿರುವಾಗ ಅದರ ದೋಷಗಳೂ ಚಿತ್ರದಲ್ಲಿನ ದೋಷಗಳಂತೆಯೇ, ಚುಚ್ಚುವುದಿಲ್ಲ.

ಚುಚ್ಚಿದ್ದು ಮುದ್ದೇಬಿಹಾಳದಲ್ಲಿ. ನೆಂಟರ ಗೃಹಪ್ರವೇಶಕ್ಕೆ ಹೋದಾಗ ಆ ಮನೆಯ ಹುಡುಗನ ಬಳಿ ಅಂಥದೇ ಅಗ್ಗದ, ಬೇರೆ ಕಂಪನಿಯ ಟ್ಯಾಬ್ಲೆಟ್ ಇತ್ತು. ಹೆಸರು ಯಾಕೆ, ಬೇಡ. ಚಾರ್ಜರ್ ತೆಗೆದರೆ ಮಲಗುತ್ತಿದ್ದ ಅದನ್ನು ಗೋಡೆಗೆ ಕಟ್ಟಿದ ಆಕಳಂತೆ ಸ್ವಿಚ್ಚಿನ ಪಕ್ಕದಲ್ಲೇ ಇಟ್ಟಿದ್ದರು. ಒಂದು ತಾಸು ಅವಳ ಕೈಗೆ ಸಿಕ್ಕಿತು. ಪಾಠದ ವಿಡಿಯೋ ಹುಡುಕಿದಳು. ಬಿಳಿ ಚಕ್ರ ತಿರುಗುತ್ತಲೇ ಇತ್ತು. ಗಣಿತದ ಒಂದು ಸಮೀಕರಣ ಬರೆಯಲು ನೋಡಿದಳು, ವರ್ಗಮೂಲದ ಚಿಹ್ನೆ ಎಲ್ಲಿದೆಯೆಂದೇ ತಿಳಿಯಲಿಲ್ಲ. ಕೊನೆಗೆ ಆ ಹುಡುಗನೇ ಕಸಿದುಕೊಂಡು ಕಾರಿನ ಆಟ ಹಚ್ಚಿದ. ಅದು ಮಾತ್ರ ಚೆನ್ನಾಗಿ ಓಡಿತು.

ಡಿಸೆಂಬರಿನಲ್ಲಿ ಅಂತರಜಾಲದ ಮೂಲಕ ಮಾರಾಟ ಶುರುವಾಯಿತು. ಎರಡೇ ವಾರಗಳಲ್ಲಿ 14 ಲಕ್ಷ ಬೇಡಿಕೆ ಬಂದಿವೆಯೆಂದು ಪತ್ರಿಕೆಗಳು ಬರೆದವು. ಹದಿನಾಲ್ಕು ಲಕ್ಷ ಮಂದಿ ಹುಚ್ಚರೇ? ಅವಳ ಈ ಪ್ರಶ್ನೆಗೆ ಮನೆಯಲ್ಲಿ ಯಾರೂ ಉತ್ತರಿಸಲಾಗದೆ, ಅಪ್ಪ ಅವಳನ್ನು ಬಸವನ ಬಾಗೇವಾಡಿಗೆ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ದೂರದ ಸಂಬಂಧಿಕರಲ್ಲಿಗೆ ಕರೆದೊಯ್ದ.

ಅವರು ಬೈಯಲಿಲ್ಲ. ತಮ್ಮದೇ ಆಸೆಯ ಕಥೆ ಹೇಳಿದರು. 2001ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರನ್ನು ತೋರಿಸಿದ್ದರು. ಓದು ಬಾರದವರಿಗೆ ಅದು ಕನ್ನಡದಲ್ಲಿ ಓದಿ ಹೇಳುತ್ತದೆ, ಒಂಬತ್ತು ಸಾವಿರಕ್ಕೆ ಸಿಗುತ್ತದೆ ಎಂದು ಸುದ್ದಿ. ನಮ್ಮ ನಾಡಿನದೇ ಯಂತ್ರ! ಮೇಷ್ಟ್ರು ಕಾದರು. ಜನರು ಕೊಳ್ಳುವಂತೆ ಮಾರುಕಟ್ಟೆಗೆ ಬಂದದ್ದು 2004ರಲ್ಲಿ, ಅಷ್ಟರಲ್ಲಿ ಮೊಬೈಲು ಎಲ್ಲರ ಜೇಬು ಸೇರತೊಡಗಿತ್ತು. "ಮಾಡಿದವರು ದೊಡ್ಡ ಮನುಷ್ಯರು, ವಿಚಾರವೂ ದೊಡ್ಡದು. ಆದರ ನನಗ ಅದು ಯಾತಕ್ಕ ಬೇಕಿತ್ತು ಅಂತ ನಾ ಕೇಳಿಕೊಂಡಿರಲೇ ಇಲ್ಲ ನೋಡು" ಎಂದರು. ಆಮೇಲೆ ಅವಳಿಗೊಂದು ಕೆಲಸ ಕೊಟ್ಟರು. ಎಂಟು ದಿನ, ಆ ಟ್ಯಾಬ್ಲೆಟ್ ಇದ್ದಿದ್ದರೆ ಎನಿಸಿದಾಗಲೆಲ್ಲ ಏಕೆ ಎನಿಸಿತು ಎಂದು ಬರೆದಿಡಬೇಕು.

ಅವಳು ಪ್ರಾಮಾಣಿಕವಾಗಿ ಬರೆದಳು. ಇಪ್ಪತ್ತಮೂರು ಸಲ ಎನಿಸಿತ್ತು. ಇಂಗ್ಲಿಷ್ ಶಬ್ದದ ಅರ್ಥಕ್ಕೆ ಆರು ಸಲ. ಹಳೆಯ ಸಿಇಟಿ ಪ್ರಶ್ನೆಪತ್ರಿಕೆಗೆ ಮೂರು ಸಲ. ರಸಾಯನಶಾಸ್ತ್ರದ ಒಂದು ಪಾಠ ತಲೆಗೆ ಹತ್ತದೆ ಒಮ್ಮೆ. ಉಳಿದ ಹದಿಮೂರರ ಮುಂದೆ ಬರೆದದ್ದು ಒಂದೇ ಸಾಲು: ಗೆಳತಿ ಬುಕ್ ಮಾಡಿದ್ದಾಳೆ.

ಯಾರೂ ಬೇಡವೆನ್ನದೆ ಅವಳೇ ಬಿಟ್ಟಳು. ಒಂದು ದಪ್ಪ ನಿಘಂಟು, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಂದವು, ಉಳಿದದ್ದು ಟ್ರಂಕಿಗೆ ಮರಳಿತು. 2012ರ ನವೆಂಬರ್ 11ರಂದು 'ಆಕಾಶ್ 2' ಬಿಡುಗಡೆಯಾದಾಗ ಅದರಲ್ಲಿ ವೇಗ ಒಂದು ಗಿಗಾಹರ್ಟ್ಸ್, ಪರದೆ ಬೆರಳು ಸೋಕಿದರೆ ಸಾಕೆನ್ನುವಂಥದು. ವರ್ಷ ಕಾದಿದ್ದರೆ ಹೆಚ್ಚುಕಡಿಮೆ ಅದೇ ಬೆಲೆಗೆ ಬೇರೆಯೇ ಎತ್ತು. ಮುಂದೆ ಆ ಯೋಜನೆಯೇ ನಿಂತುಹೋಯಿತು. ಹಾಗೆಂದು ಅವಳಿಗೆ ನಷ್ಟವೇ ಆಗಲಿಲ್ಲವೆಂದಲ್ಲ. ಎಂಜಿನಿಯರಿಂಗ್ ಕಾಲೇಜಿನ ಮೊದಲ ದಿನಗಳಲ್ಲಿ ಪಕ್ಕದವರ ಬೆರಳು ಕೀಲಿಮಣೆಯ ಮೇಲೆ ಓಡುವಾಗ ಇವಳು ಅಕ್ಷರ ಹುಡುಕುತ್ತಿದ್ದಳು. ಅದನ್ನು ಅಪ್ಪನಿಗೆ ಹೇಳಿದ್ದು ಬಹಳ ವರ್ಷಗಳ ನಂತರ. ಅವನು ಏನೂ ಅನ್ನಲಿಲ್ಲ, ಆದರೆ ಮರೆಯಲೂ ಇಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಅಂಗನವಾಡಿಯ ಆ ತಮ್ಮ ಒಂಬತ್ತನೇ ತರಗತಿಗೆ ಬಂದಿದ್ದ. ಚಂದನ ವಾಹಿನಿಯ 'ಸಂವೇದ' ಪಾಠ ಮನೆಯ ಟಿವಿಯಲ್ಲಿ ಸಿಗುತ್ತಿತ್ತು, ಮನೆಗೆಲಸ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು. ಪಕ್ಕದ ಮನೆಯ ಫೋನಿಗಾಗಿ ಹುಡುಗ ನಾಲ್ಕು ದಿನ ಕಟ್ಟೆಯ ಮೇಲೆ ಕಾದದ್ದನ್ನು ಕಂಡ ಅಪ್ಪ, ಅವನು ಬಾಯಿ ಬಿಟ್ಟು ಕೇಳುವ ಮೊದಲೇ ಸಿಂದಗಿಯ ಬಸ್ಸು ಹತ್ತಿದ. ಸಂಜೆ ಮೂಲೆ ಸೀಳಿದ ಹಳೆಯ ಫೋನೊಂದನ್ನು ತಂದ.

ಬೆಂಗಳೂರಿನಿಂದ ಮಗಳು ಕೇಳಿದಳು: "ಯಾವ ಕಂಪನೀದು, ಎಪ್ಪಾ?"

"ಕಂಪನಿ ನೋಡಲಿಲ್ಲವ್ವಾ. ಮಾವನ ಅಂಗಡ್ಯಾಗ ಕುಂತು ಒಂದು ತಾಸು ಪಾಠ ಹಚ್ಚಿ ನೋಡಿದೆ. ಬ್ಯಾಟರಿ ನೂರಕ್ಕ ಹನ್ನೆರಡು ಇಳೀತು, ಅಷ್ಟ."