ನೆರೆಮನೆಯ ನುಡಿ

ಕುಕ್ ಟೌನಿನ ಒಂದು ಕೊಡವ ಮನೆಗೆ, ಬಾಲಕನೊಬ್ಬನಿಗೆ ಕನ್ನಡ ಪಾಠ ಹೇಳಲು ನಾನು ಕೆಲಕಾಲ ಹೋಗುತ್ತಿದ್ದೆನು. ಅವನ ತಾತನವರು ಸೈನ್ಯದಿಂದ ನಿವೃತ್ತರಾದ ಹಿರಿಯರು. ಅವರು ಮೊಮ್ಮಗನನ್ನು ಕೊಡವ ನುಡಿಯಲ್ಲಿ ಕರೆಯುವರು. ಅವನು ಇಂಗ್ಲಿಷಿನಲ್ಲಿ ಓಗೊಡುವನು.

ಒಂದು ಸಂಜೆ ‘ಹಾಲು, ಹೂವು’ ಎಂದು ಬರೆಯಿಸುತ್ತಿದ್ದಾಗ ಹಿರಿಯರು, “ಪಂಡಿತರೇ, ನಮ್ಮಲ್ಲಿ ಪಾಲ್, ಪೂ ಎನ್ನುತ್ತೇವೆ” ಎಂದರು. ನಾನು ವಿದ್ವತ್ತಿನ ಗರ್ವದಿಂದ, “ಅದು ಹಳಗನ್ನಡದ ಪಕಾರ. ತಮ್ಮದು ಕನ್ನಡದ ಉಪಭಾಷೆಯಷ್ಟೆ” ಎಂದುಬಿಟ್ಟೆನು. ಅವರು ಮರುಮಾತಾಡದೆ ಒಳಗೆ ಹೋದರು.

ಆ ಮೌನವು ನನ್ನನ್ನು ಗ್ರಂಥಗಳ ಕಡೆಗೆ ಅಟ್ಟಿತು. ಭಾಷಾಶಾಸ್ತ್ರಜ್ಞರು ಕೊಡವ ನುಡಿಯನ್ನು ದಕ್ಷಿಣ ದ್ರಾವಿಡ ವರ್ಗದ ಸ್ವತಂತ್ರ ಭಾಷೆಯೆಂದೇ ಗಣಿಸಿರುವರು. ನಮ್ಮ ವರ್ಣಮಾಲೆಗೆ ನಿಲುಕದ ಸ್ವರಗಳು ಅದರಲ್ಲಿವೆ. ಪದಾದಿಯ ಪಕಾರವು ಅದಕ್ಕೆ ಕನ್ನಡವಿತ್ತ ಸಾಲವಲ್ಲ. ಮೂಲ ದ್ರಾವಿಡದಿಂದ ಇಬ್ಬರಿಗೂ ಬಂದ ಪಿತ್ರಾರ್ಜಿತ.

1834ರವರೆಗೆ ಕೊಡಗನ್ನಾಳಿದ ಹಾಲೇರಿ ಅರಸರು ಲಿಂಗವಂತರು. ಅವರ ಆಡಳಿತಭಾಷೆ ಕನ್ನಡ. ಅರಮನೆಯ ಓಲೆ ಕಾಗದಗಳು ಕನ್ನಡದ ಪಾಲಾದುವು. ಕೊಡವ ನುಡಿಗೆ ಐನ್‌ಮನೆಯ ಜಗಲಿಯೂ ದುಡಿಯ ಹಾಡೂ ಉಳಿದುವು. ಹರದಾಸ ಅಪ್ಪಚ್ಚ ಕವಿಗಳು ಆ ನುಡಿಯಲ್ಲಿ ನಾಟಕಗಳನ್ನು ರಚಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರು ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚಿಗೆ ತಂದರು. ಸರ್ಕಾರದ ಅಕಾಡೆಮಿ ಸ್ಥಾಪನೆಯಾದುದು 1994ರಲ್ಲಿ. ಆದರೂ 2001ರ ಜನಗಣತಿಯಲ್ಲಿ 1,66,187 ಮಂದಿಯ ತಾಯ್ನುಡಿಯಾಗಿದ್ದುದು 2011ರಲ್ಲಿ 1,13,857 ಮಂದಿಗೆ ಇಳಿಯಿತು.

ದಂಡಿನ ಈ ಬೀದಿಗಳಲ್ಲಿ ಕನ್ನಡವು ತನ್ನ ಮನೆಯಲ್ಲಿಯೇ ಅತಿಥಿಯಾಯಿತೆಂದು ಹಲುಬಿದವರಲ್ಲಿ ನಾನೂ ಒಬ್ಬನು. ಆ ನೋವನ್ನು ಬಲ್ಲವನೇ ನೆರೆಯ ಚಿಕ್ಕ ನುಡಿಯನ್ನು ಹಗುರಾಗಿ ಕಂಡೆನಲ್ಲ! ಸಂಸ್ಕೃತದ ಹಿರಿಮೆಯ ಎದುರಿನಲ್ಲಿ ಜನರ ಆಡುಮಾತಿಗೆ ಮಾನ ತಂದ ಶರಣರ ವಚನಗಳನ್ನು ಪಾಠ ಹೇಳುವವನಿಗೆ ಇದು ತಕ್ಕುದೇ?

ಮುಂದಿನ ವಾರ ಹಿರಿಯರಲ್ಲಿ ಕ್ಷಮೆ ಬೇಡಿದೆನು. ಅವರು ನಕ್ಕು, “ಕೂತುಕೊಳ್ಳಿ, ಕಾಫಿ ಬರುತ್ತದೆ” ಎಂದರು. ಅಂದಿನಿಂದ ಬಾಲಕನು ‘ಹಾಲು’ ಎಂಬುದರ ಪಕ್ಕದಲ್ಲಿ ‘ಪಾಲ್’ ಎಂದೂ ಬರೆಯತೊಡಗಿದನು. ನನ್ನ ಅಕ್ಷರಗಳು ಸೋತೆಡೆಯಲ್ಲಿ, “ತಾತನವರನ್ನು ಕೇಳು” ಎನ್ನುತ್ತಿದ್ದೆನು. ಅವನು ಎದ್ದುಹೋಗಿ ಕೇಳುವನು, ತಾತನವರು ಹೇಳುವರು, ಅವನು ಹಾಗೆಯೇ ನುಡಿಯುವನು.

ವಿದ್ಯಾರ್ಥಿ ಮಿತ್ರರೇ, ಕನ್ನಡವನ್ನು ಪ್ರೀತಿಸಿರಿ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನ ಮನೆಮಾತು ಯಾವುದೆಂದು ಒಮ್ಮೆ ಕೇಳಿರಿ.